ಬೇಸ್ ಗಿಟಾರ್: ಆಂಪ್ ದನಿ ತಗ್ಗಿಸಿದರೆ ಸಾಲದು, ಹೆಡ್‌ಫೋನ್ ಸರಿಯಾಗಿ ಜೋಡಿಸಿ

ಮಾನ್ಯ ಸಂಪಾದಕರೇ,

ಬೇಸ್ ಗಿಟಾರ್ ಕಲಿಯುವವರಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ಬಗೆಯ ಜಗಳ ಮತ್ತೆ ಮತ್ತೆ ಎದ್ದೇಳುತ್ತದೆ. ಕೆಳಮನೆಯವರು ‘ಗೋಡೆಯೆಲ್ಲ ಗುಂಯ್‌ಗುಡುತ್ತದೆ, ಎದೆಗೇ ಬಡಿದಂತಾಗುತ್ತದೆ’ ಅನ್ನುತ್ತಾರೆ. ನುಡಿಸುವ ಮನೆಯವರು ‘ನಮ್ಮ ಕೋಣೆಯಲ್ಲೇ ಸರಿಯಾಗಿ ಕೇಳಿಸದಷ್ಟು ಸಣ್ಣಗೆ ಇಟ್ಟಿದ್ದೇವಲ್ಲ’ ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜ. ಕಾರಣ ಗೊತ್ತಿಲ್ಲದೆ ಮಾತಿಗೆ ಮಾತು ಬೆಳೆದು, ಕೊನೆಗೆ ವಾದ್ಯ ಅಟ್ಟ ಸೇರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿದರೆ ಈ ತಕರಾರು ಹುಟ್ಟುವುದೇ ಇಲ್ಲ. ಆದರೆ ಅದನ್ನು ತಪ್ಪಾಗಿ ಜೋಡಿಸಿಕೊಂಡು, ನಾದ ಚೆನ್ನಾಗಿಲ್ಲವೆಂದು ಬೇಸತ್ತು ಕಲಿಕೆಯನ್ನೇ ಬಿಟ್ಟವರಿದ್ದಾರೆ; ದನಿ ಏರಿಸಿ ಏರಿಸಿ ಕಿವಿ ಕೆಡಿಸಿಕೊಂಡವರೂ ಇದ್ದಾರೆ. ಈ ಎರಡೂ ತಪ್ಪಬೇಕೆಂದು ಈ ಪತ್ರ.

ಮೊದಲು ಗೋಡೆಯ ವಿಷಯ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಎ ತಂತಿ 55, ಡಿ 73, ಜಿ 98. ಐದು ತಂತಿಯ ವಾದ್ಯದ ಬಿ ತಂತಿ 31ರವರೆಗೂ ಇಳಿಯುತ್ತದೆ. 41 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಗೋಡೆ ಸದ್ದನ್ನು ತಡೆಯುವುದು ಮುಖ್ಯವಾಗಿ ತನ್ನ ತೂಕದಿಂದ. ಸ್ವರ ಒಂದು ಸ್ಥಾಯಿ ಕೆಳಗಿಳಿದಂತೆಲ್ಲ, ಅಂದರೆ ಹರ್ಟ್ಸ್ ಅರ್ಧವಾದಂತೆಲ್ಲ, ಆ ತಡೆ 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ ಎನ್ನುವುದು ಮೂಲ ಲೆಕ್ಕ. ಮಾತಿನ ಸದ್ದು ಇರುವ 1300 ಹರ್ಟ್ಸ್‌ನಿಂದ 41ಕ್ಕೆ ಐದು ಸ್ಥಾಯಿ ಇಳಿಯಬೇಕು. ಅಲ್ಲಿಗೆ 30 ಡೆಸಿಬೆಲ್ ತಡೆ ಹೋಯಿತು. ಪಕ್ಕದ ಮನೆಯವರ ಮಾತು ಕೇಳಿಸದಂಥ ಗೋಡೆಯನ್ನೂ ಬೇಸ್ ಸಲೀಸಾಗಿ ದಾಟುವುದು ಹೀಗೆ. ಇದರ ಮೇಲೆ ಆಂಪನ್ನು (ವಾದ್ಯದ ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆಯನ್ನು) ನೆಲದಲ್ಲಿಟ್ಟರೆ ಅದರ ಪೆಟ್ಟಿಗೆಯ ನಡುಕ ನೇರ ಕಾಂಕ್ರೀಟ್ ಸ್ಲ್ಯಾಬಿಗೆ ಇಳಿಯುತ್ತದೆ.

ಹಾಗಾದರೆ ನುಡಿಸುವವರಿಗೇ ಏಕೆ ಕೇಳಿಸುವುದಿಲ್ಲ? ನಮ್ಮ ಮನೆಗಳಲ್ಲಿ ಹತ್ತಡಿಗೆ ಹತ್ತಡಿ ಕೋಣೆ ಸಾಮಾನ್ಯ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಅನುರಣಿಸಿ ಉಬ್ಬುತ್ತದೆ, ಅಂದರೆ ಹೆಚ್ಚುಕಡಿಮೆ ಎ ತಂತಿಯ ಸ್ವರವೇ. ಹೀಗೆ ಉಬ್ಬಿದ ಸದ್ದಿನ ಒತ್ತಡ ಗೋಡೆಗಳ ಬಳಿ ಅತಿ ಹೆಚ್ಚು, ಕೋಣೆಯ ನಡುಮಧ್ಯದಲ್ಲಿ ಅತಿ ಕಡಿಮೆ. ನಡುವೆ ಕುರ್ಚಿ ಹಾಕಿ ಕೂತ ವಿದ್ಯಾರ್ಥಿಗೆ ಆ ಸ್ವರ ಸೊರಗಿ ಕೇಳುತ್ತದೆ, ಗೋಡೆಯಾಚೆ ಮಲಗಿದವರಿಗೆ ಅದೇ ಬಡಿಯುತ್ತದೆ. ವಿದ್ಯಾರ್ಥಿ ದನಿ ಏರಿಸುತ್ತಾನೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದರಿಂದ, ಎರಡು ಇಂಚಿನ ಫೋಮ್ ಬಡಿಯುವುದರಿಂದ ಇದು ಸರಿಹೋಗದು. ಅವು ಕೋಣೆಯೊಳಗಿನ ಕೀರಲು ಪ್ರತಿಧ್ವನಿಯನ್ನು ತಗ್ಗಿಸುತ್ತವೆಯೇ ಹೊರತು ಎಂಟು ಮೀಟರಿನ ಅಲೆಯನ್ನು ತಡೆಯಲಾರವು. ಬೆಂಕಿ ತಗುಲಿದರೆ ಅಪಾಯ ಬೇರೆ.

ಅಪಾರ್ಟ್‌ಮೆಂಟ್ ಸಂಘದವರು ಮೊಬೈಲ್ ಆ್ಯಪ್ ಹಿಡಿದು ಅಳೆಯಲು ಬಂದರೂ ಪಂಚಾಯಿತಿ ಮುಗಿಯುವುದಿಲ್ಲ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಈ ಅಳತೆ ‘ಎ’ ಮಾಪನದ್ದು. ಮನುಷ್ಯನ ಕಿವಿಗೆ ಮಂದ್ರ ಸದ್ದು ಕಡಿಮೆ ಕೇಳುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಕಳೆದು ತೋರಿಸುತ್ತದೆ. 40 ಹರ್ಟ್ಸ್‌ನಲ್ಲಿ ಕಳೆಯುವುದು 34 ಡೆಸಿಬೆಲ್‌ಗೂ ಹೆಚ್ಚು. ಮೀಟರಿನ ಅಂಕಿ ಮಿತಿಯೊಳಗೇ ಇರುತ್ತದೆ, ಕೆಳಮನೆಯ ಕಿಟಕಿ ಗಾಜು ಅದುರುತ್ತಲೂ ಇರುತ್ತದೆ. ಆದ್ದರಿಂದ ಆಂಪಿನ ಗುಂಡಿ ಎಷ್ಟರಲ್ಲಿರಬೇಕು ಎಂಬ ಚರ್ಚೆಯನ್ನೇ ಬಿಟ್ಟು, ಸದ್ದು ಗಾಳಿಗೇ ಬರದ ದಾರಿ ಹಿಡಿಯುವುದು ಒಳ್ಳೆಯದು.

ಆ ದಾರಿ ಸರಳ, ಆದರೆ ಪ್ರತಿ ಕೊಂಡಿಯೂ ಸರಿಯಾಗಿರಬೇಕು. ಹೆಡ್‌ಫೋನನ್ನು ನೇರವಾಗಿ ಗಿಟಾರಿನ ಜ್ಯಾಕಿಗೆ ಚುಚ್ಚಿದರೆ ಏನೂ ಕೇಳಿಸುವುದಿಲ್ಲ. ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರಿಂದ ಬರುವ ವಿದ್ಯುತ್ ಸಂಜ್ಞೆ ಹೆಡ್‌ಫೋನನ್ನು ದುಡಿಸುವಷ್ಟು ಬಲದ್ದಲ್ಲ. ಅದನ್ನು ಎತ್ತಿಕೊಳ್ಳುವ ಸಾಧನದ ಇನ್‌ಪುಟ್ ರೋಧ 1 ಮೆಗಾಓಮ್‌ನಷ್ಟಿರಬೇಕು. ಲ್ಯಾಪ್‌ಟಾಪಿನ ಮೈಕ್ ರಂಧ್ರದ ರೋಧ ಕೆಲವೇ ಸಾವಿರ ಓಮ್. ಅಲ್ಲಿಗೆ ಸಿಕ್ಕಿಸಿದರೆ ಮೇಲಿನ ಸ್ವರಾಂಶಗಳೆಲ್ಲ ಸತ್ತು, ಕಂಬಳಿ ಹೊದಿಸಿದಂಥ ಮಂಕು ನಾದ ಬರುತ್ತದೆ. ‘ಹೆಡ್‌ಫೋನ್‌ನಲ್ಲಿ ಬೇಸ್ ಚೆನ್ನಾಗಿ ಕೇಳಿಸುವುದಿಲ್ಲ’ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಇರುತ್ತದೆ.

ಅತಿ ಕಡಿಮೆ ಖರ್ಚಿನ ಸರಿಯಾದ ಸಾಧನವೆಂದರೆ ಗಿಟಾರಿನ ಜ್ಯಾಕಿಗೇ ಸಿಕ್ಕಿಸುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಹೆಡ್‌ಫೋನ್ ಆಂಪ್. ವಾಕ್ಸ್ ಆಂಪ್ಲಗ್‌ನ ಬೇಸ್ ಮಾದರಿ ಇಂಥದ್ದು; ಟಿವಿ ರಿಮೋಟಿಗೆ ಹಾಕುವ ಎರಡು ಎಎಎ ಸೆಲ್ ಸಾಕು, ಫೋನಿನಿಂದ ಹಾಡು ಕೊಡಲು ಆಕ್ಸ್ ರಂಧ್ರವೂ ಇದೆ. ಕೊಳ್ಳುವಾಗ ‘ಬೇಸ್’ ಮಾದರಿಯನ್ನೇ ಕೇಳಿ. ಗಿಟಾರಿನ ಮಾದರಿಗಳಲ್ಲಿ ಮಂದ್ರ ಸೊರಗುತ್ತದೆ. ಪ್ರಿಸಿಷನ್, ಜಾಝ್ ಮಾದರಿಯ ಬೇಸ್‌ಗಳಲ್ಲಿ ಜ್ಯಾಕ್ ಮುಂಭಾಗದಲ್ಲಿರುವುದರಿಂದ ಈ ಪೆಟ್ಟಿಗೆ ಹೊರಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಕೈ ತಾಗಿ ತಾಗಿ ಒಳಗಿನ ಬೆಸುಗೆ ಬಿಡುತ್ತದೆ. ಒಂದಡಿಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಪಟ್ಟಿಗೆ ಸಿಕ್ಕಿಸಿಕೊಂಡರೆ ಆ ತೊಂದರೆ ಇಲ್ಲ. ವಾದ್ಯದಲ್ಲೇ 9 ವೋಲ್ಟ್ ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಆದರೆ ಇನ್ನೊಂದು ಎಚ್ಚರ ಬೇಕು: ಜ್ಯಾಕಿನಲ್ಲಿ ಪಿನ್ ಇರುವಷ್ಟು ಹೊತ್ತೂ ಆ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಅಭ್ಯಾಸ ಮುಗಿದ ಮೇಲೆ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಬೇಗ ಮುಗಿದು, ನಾದ ಒಡೆದು ಗರಗರ ಅನ್ನುತ್ತದೆ. ಎಷ್ಟೋ ಜನ ಪಿಕಪ್ ಕೆಟ್ಟಿತೆಂದು ರಿಪೇರಿಗೆ ಒಯ್ಯುತ್ತಾರೆ.

ತುಸು ಹೆಚ್ಚು ಖರ್ಚು ಮಾಡುವವರಿಗೆ ಜೂಮ್ ಬಿ1 ಫೋರ್‌ನಂಥ ನೆಲದ ಮೇಲಿಡುವ ಪೆಡಲ್ ಒಳ್ಳೆಯ ಆಯ್ಕೆ. ಟ್ಯೂನರ್, ತಾಳದ ಮಾದರಿಗಳು, ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪರ್ ಎಲ್ಲ ಅದರೊಳಗೇ ಇವೆ; ಕಂಪ್ಯೂಟರ್ ತೆರೆಯುವ ರಗಳೆ ಇಲ್ಲ. ಮನೆಯಲ್ಲಿ ಈಗಾಗಲೇ ಆಂಪ್ ಇದ್ದರೆ ಅದರ ಹಿಂದೆ ಅಥವಾ ಮುಂದೆ ಹೆಡ್‌ಫೋನ್ ರಂಧ್ರ ಇದೆಯೇ ನೋಡಿ. ಸಾಮಾನ್ಯವಾಗಿ ಪಿನ್ ಹಾಕಿದೊಡನೆ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆ. ಅಂಥ ರಂಧ್ರವಿಲ್ಲದ ವಾಲ್ವ್ ಆಂಪಿನ ಸ್ಪೀಕರ್ ವೈರನ್ನು ಕಿತ್ತು ‘ಸದ್ದಿಲ್ಲದೆ’ ನಡೆಸಲು ಮಾತ್ರ ಹೋಗಬೇಡಿ. ಸ್ಪೀಕರಿನ ಭಾರವಿಲ್ಲದೆ ಓಡಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಪಿನ್ನಿನ ವಿಷಯ ಸಣ್ಣದಾದರೂ ಹೇಳಲೇಬೇಕು. ಹೆಡ್‌ಫೋನಿನ ಸಣ್ಣ ಪಿನ್ 3.5 ಮಿ.ಮೀ., ಆಂಪಿನ ರಂಧ್ರ 6.35 ಮಿ.ಮೀ. ನಡುವಿನ ಕನ್ವರ್ಟರ್ ಸ್ಟೀರಿಯೊ ಆಗಿರಬೇಕು. ಪಿನ್ನಿನ ಮೇಲೆ ಎರಡು ಕಪ್ಪು ಉಂಗುರ ಇದ್ದರೆ ಸ್ಟೀರಿಯೊ, ಒಂದೇ ಇದ್ದರೆ ಮೊನೊ. ಮೊನೊ ಹಾಕಿದರೆ ಒಂದೇ ಕಿವಿಗೆ ಸದ್ದು ಬರುತ್ತದೆ. ಜನ ಹೆಡ್‌ಫೋನ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಗಿಟಾರಿನಿಂದ ಆಂಪಿಗೆ ಹೋಗುವ ಕೇಬಲ್ ಮಾತ್ರ ಮೊನೊ ಇರಬೇಕು.

ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವವರಿಗೆ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ತರಹದ ಯುಎಸ್‌ಬಿ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಬೇಕು. ಅದರಲ್ಲಿ ‘ಇನ್ಸ್ಟ್’ ಎಂಬ ಗುಂಡಿ ಒತ್ತಿರಬೇಕು. ಇಲ್ಲದಿದ್ದರೆ ಮೇಲೆ ಹೇಳಿದ ಮಂಕು ನಾದವೇ ಗತಿ. ಗೇನ್, ಅಂದರೆ ಒಳಬರುವ ಸಂಜ್ಞೆಯನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಇಡುವಾಗ ಮೆಲ್ಲಗೆ ಮೀಟಿ ನೋಡಬೇಡಿ, ನೀವು ನುಡಿಸುವ ಅತಿ ಜೋರಾದ ಪೆಟ್ಟು ಕೊಡಿ. ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಸ್ಲ್ಯಾಪ್ ಹೊಡೆಯುವವರಾದರೆ ಆ ಪೆಟ್ಟನ್ನೇ. ತೆರೆಯ ಮೇಲಿನ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಂತರೆ ಸರಿ. ಸಾಫ್ಟ್‌ವೇರಿನ ಕೊನೆಯಲ್ಲಿ, ದನಿ ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಹಾಕಿಡಿ, ತಂತಿ ಎಳೆದು ಬಿಟ್ಟಾಗಿನ ‘ಫಟ್’ ಕಿವಿಗೆ ಗುಂಡು ಹೊಡೆದಂತೆ ಬರದಿರಲಿ.

ಇಲ್ಲಿಯೇ ಲೇಟೆನ್ಸಿ ಅಂದರೆ ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ತಡ ಕಾಡುವುದು. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ, ತಡ ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಬೇಕು, ಮ್ಯಾಕ್‌ಗೆ ಬೇಡ. ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಣುಕು, ಅಂದರೆ ಬಫರ್, 128 ಸ್ಯಾಂಪಲ್, ದರ 48 ಕಿಲೊಹರ್ಟ್ಸ್ ಇಟ್ಟರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ಒಳಕ್ಕೆ, ಹೊರಕ್ಕೆ, ನಡುವಿನ ಪರಿವರ್ತನೆ ಎಲ್ಲ ಸೇರಿ 10ರ ಆಸುಪಾಸು. ವೇದಿಕೆಯಲ್ಲಿ ಮೂರು ಮೀಟರ್ ದೂರದ ಆಂಪಿನಿಂದ ಸದ್ದು ಕಿವಿಗೆ ಬರಲೂ ಸುಮಾರು 9 ಮಿಲಿಸೆಕೆಂಡ್ ಬೇಕು, ಹಾಗಾಗಿ ಇದು ತೊಡಕಾಗದು. ಕಟಕಟ ಸದ್ದು ಬಂದರೆ ಬಫರನ್ನು 256ಕ್ಕೆ ಏರಿಸಿ, ಬ್ರೌಸರ್ ಮುಚ್ಚಿ. ಕಂಪ್ಯೂಟರಿಗೆ ಹೋಗದೆ ನೇರ ಕೇಳಿಸುವ ಇಂಟರ್‌ಫೇಸಿನ ‘ಡೈರೆಕ್ಟ್ ಮಾನಿಟರ್’ ಮತ್ತು ಸಾಫ್ಟ್‌ವೇರ್ ಎರಡೂ ಒಟ್ಟಿಗೆ ಆನ್ ಇದ್ದರೆ ಒಂದೇ ಸ್ವರ ಎರಡು ಸಲ ಬಂದು ಟೊಳ್ಳು ಕೊಳವೆಯೊಳಗೆ ನುಡಿಸಿದಂತಾಗುತ್ತದೆ, ಒಂದನ್ನು ಆಫ್ ಮಾಡಿ.

ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಸಾಮಾನ್ಯ ಬ್ಲೂಟೂತ್‌ನ ತಡ 150ರಿಂದ 250 ಮಿಲಿಸೆಕೆಂಡ್. ನಿಮಿಷಕ್ಕೆ 120 ಬಡಿತದ ಲಯದಲ್ಲಿ ಒಂದು ಬಡಿತದ ಕಾಲು ಭಾಗ 125 ಮಿಲಿಸೆಕೆಂಡ್. ಅಂದರೆ ಬಡಿತಕ್ಕೆ ನಾಲ್ಕು ಸ್ವರ ನುಡಿಸುವಾಗ ಈಗ ಮೀಟಿದ ಸ್ವರ ಮುಂದಿನ ಸ್ವರ ಮೀಟಿದ ಮೇಲೆ ಕೇಳಿಸುತ್ತದೆ. ತಾಳ ಹಿಡಿಯುವುದೇ ಕೆಲಸವಾದ ವಾದ್ಯಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಕಲಿಯುವ ಹುಡುಗಿ ತನ್ನ ಲಯವೇ ಸರಿಯಿಲ್ಲವೆಂದು ಕೊರಗುತ್ತಾಳೆ, ತಪ್ಪು ಯಂತ್ರದ್ದಾಗಿರುತ್ತದೆ. ವೈರಿನ ಹೆಡ್‌ಫೋನನ್ನೇ ಕೊಳ್ಳಿ.

ಯಾವ ಹೆಡ್‌ಫೋನ್? ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಮುಚ್ಚಿದ ಮಾದರಿ. ಸೋನಿ ಎಂಡಿಆರ್-7506, ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಇಂಥವು. ಡಿಟಿ 770 ಕೊಳ್ಳುವಾಗ ಓಮ್ ನೋಡಿ: 32, 80, 250 ಎಂದು ಬೇರೆ ಬೇರೆ ಬರುತ್ತವೆ. ಸೆಲ್ಲಿನ ಸಣ್ಣ ಆಂಪಿಗೆ 250 ಓಮ್ ಜೋಡಿಸಿದರೆ ಗುಂಡಿ ಪೂರ್ತಿ ತಿರುಗಿಸಿದರೂ ದನಿ ಸಾಲದು, ಸ್ವರ ಒಡೆಯುತ್ತದೆ. ಹೆಡ್‌ಫೋನ್ ಎಷ್ಟೇ ಒಳ್ಳೆಯದಿರಲಿ, ಅದರ ಮಂದ್ರ ನಿಂತಿರುವುದು ಪ್ಯಾಡ್ ಕಿವಿಯ ಸುತ್ತ ಬಿಗಿಯಾಗಿ ಕೂರುವುದರ ಮೇಲೆ. ದಪ್ಪ ಫ್ರೇಮಿನ ಕನ್ನಡಕ ಒಂದು ಸಂದು ಮಾಡಿದರೂ ಸಾಕು, ಇ ತಂತಿ ತೆಳ್ಳಗಾಗುತ್ತದೆ. ಸಿಕ್ಕಿಕೊಂಡ ಕೂದಲು, ಹಪ್ಪಳದಂತೆ ಎದ್ದ ಹಳೆ ಪ್ಯಾಡ್ ಸಹ ಹೀಗೆಯೇ. ಕರಾವಳಿಯ ಸೆಕೆಯಲ್ಲಿ ರೆಕ್ಸಿನ್ ಪ್ಯಾಡ್ ಬೇಗ ಸುಲಿಯುತ್ತದೆ. ವರ್ಷಕ್ಕೊಮ್ಮೆ ಹೊಸದು ಹಾಕುವುದು ಹೊಸ ಹೆಡ್‌ಫೋನಿಗಿಂತ ಎಷ್ಟೋ ಅಗ್ಗ.

ಈಗ ಕಿವಿ. ತಂದೆತಾಯಂದಿರು ಇದನ್ನು ಗಮನವಿಟ್ಟು ಓದಬೇಕೆಂದು ನಮ್ಮ ಬೇಡಿಕೆ. 1000 ಹರ್ಟ್ಸ್‌ನ ಸದ್ದು 40 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ ಅಷ್ಟೇ ಜೋರಾಗಿ ಕೇಳಬೇಕಾದರೆ 40 ಹರ್ಟ್ಸ್‌ನ ಸದ್ದು 82 ಡೆಸಿಬೆಲ್ ಮುಟ್ಟಬೇಕು. ಹಾಗಾಗಿ ಹೆಡ್‌ಫೋನ್‌ನಲ್ಲಿ ‘ಬೇಸ್ ಸಾಲದು’ ಅನ್ನಿಸುವುದು ಸಹಜ. ದನಿಯ ಗುಂಡಿ ತಿರುಗಿಸಿದರೆ ಮಂದ್ರದ ಜೊತೆಗೆ ಉಗುರಿನ ಸದ್ದು, ಮೆಟ್ರೊನೋಮಿನ ಟಿಕ್ ಟಿಕ್, ಹಾಡಿನ ಸಿಂಬಲ್ ಎಲ್ಲವೂ ಏರುತ್ತವೆ. ಕಿವಿಗೆ ಪೆಟ್ಟು ಬೀಳುವುದು ಅಲ್ಲಿ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಕಾಲ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ.

ಮೀಟರ್ ಇಲ್ಲದೆಯೂ ಮಾಡಬಹುದಾದ ಪರೀಕ್ಷೆ ಇದು. ಅಭ್ಯಾಸದ ಮೊದಲ ನಿಮಿಷದಲ್ಲಿ, ಕಿವಿ ತಾಜಾ ಇರುವಾಗ, ದನಿಯನ್ನು ಸಾಕಷ್ಟಕ್ಕೆ ಇಟ್ಟು ಗುಂಡಿಯ ಪಕ್ಕ ಒಂದು ಗೆರೆ ಎಳೆಯಿರಿ. ಆಮೇಲೆ ಮುಟ್ಟಬೇಡಿ. ಮುಕ್ಕಾಲು ಗಂಟೆಗೆ ಹೆಡ್‌ಫೋನ್ ತೆಗೆದು ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಹಾಕಿಕೊಳ್ಳಿ. ಅದೇ ದನಿ ಈಗ ಜೋರು ಅನ್ನಿಸಿದರೆ ಮೊದಲೇ ಹೆಚ್ಚಾಗಿತ್ತು, ಕಿವಿ ದಣಿದು ಹೊಂದಿಕೊಂಡಿತ್ತು ಎಂದರ್ಥ. ಗೆರೆಯನ್ನು ಕೆಳಗೆ ಸರಿಸಿ. ಮಲಗುವಾಗ ಕಿವಿಯಲ್ಲಿ ‘ಕುಂಯ್’ ಅನ್ನುತ್ತಿದ್ದರೆ ಮಾರನೇ ದಿನ ಹೆಡ್‌ಫೋನ್ ಮುಟ್ಟಬೇಡಿ. ಹಾಕಿಕೊಳ್ಳುವ ಕ್ರಮವೂ ಮುಖ್ಯ: ದನಿ ಸೊನ್ನೆ, ಕೇಬಲ್ ಎಲ್ಲ ಸಿಕ್ಕಿಸಿದ್ದು, ಆಮೇಲೆ ಕಿವಿಗೆ, ಆಮೇಲೆ ದನಿ. ಕಿವಿಗೆ ಹಾಕಿಕೊಂಡೇ ಕೇಬಲ್ ಕಿತ್ತರೆ ಬರುವ ‘ಢಬ್’ ಸಣ್ಣದಲ್ಲ.

ದನಿ ಏರಿಸದೆ ನಾದ ತುಂಬಿಸಲು, ಮಂದ್ರ, ನಡು, ತಾರದ ಸದ್ದನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರ್ ಇದೆ. ದೊಡ್ಡ ಬೇಸ್ ಸ್ಪೀಕರ್ ಪೆಟ್ಟಿಗೆಗಳೇ ಸುಮಾರು 60 ಹರ್ಟ್ಸ್‌ಗಿಂತ ಕೆಳಗೆ ಸೊರಗುತ್ತವೆ. ನಮಗೆ ಇಷ್ಟವಾಗುವ ಆ ‘ದಪ್ಪ’ ನಾದದಲ್ಲಿ ಇ ತಂತಿಯ 41ಕ್ಕಿಂತ ಅದರ ಎರಡರಷ್ಟಾದ 82 ಹೆಚ್ಚಿರುತ್ತದೆ. ಆದ್ದರಿಂದ 30 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 250ರ ಸುತ್ತ ಒಂದೆರಡು ಡೆಸಿಬೆಲ್ ಇಳಿಸಿ, 700ರಿಂದ 1000ದ ನಡುವೆ ತುಸು ಏರಿಸಿ, 5000ದ ಮೇಲೆ ತಗ್ಗಿಸಿ. ಸ್ವರ ಸ್ಪಷ್ಟವಾಗುತ್ತದೆ, ಬೆರಳು ತಂತಿಯ ಮೇಲೆ ಜಾರುವ ಕಿರ್ ಸದ್ದು ಹೋಗುತ್ತದೆ. ಸ್ಪೀಕರ್ ಪೆಟ್ಟಿಗೆಯ ನಾದವನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಇರುವ ಸಾಧನದಲ್ಲಿ ಕೊನೆಯ ಕೆಲಸವನ್ನು ಅದೇ ಮಾಡುತ್ತದೆ.

ಹಮ್, ಅಂದರೆ ನುಡಿಸದಿದ್ದರೂ ಬರುವ ಗುಂಯ್ ಸದ್ದು, ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ನಿಂತರೆ ಕಾರಣ ಅರ್ತಿಂಗ್. ನಿಲ್ಲದಿದ್ದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಪೂರ್ತಿ ವೇಗಕ್ಕಿಡಿ ಅಥವಾ ಫ್ಯಾನ್ ಆರಿಸಿ. ಆ ಜಿರ್ ಸದ್ದಿನ ಮೂಲ ಎಷ್ಟೋ ಸಲ ಅದೇ. ಜಾಝ್ ಬೇಸ್‌ನ ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಎರಡು ಪಿಕಪ್‌ಗಳ ಹಮ್ ಒಂದನ್ನೊಂದು ಕಳೆಯುತ್ತದೆ. ಆದರೆ ತಂತಿ ಮುಟ್ಟಿದಾಗ ಕೈ ಜುಮ್ ಅಂದರೆ ಅದು ಹಮ್ಮಿನ ಮಾತಲ್ಲ. ತಕ್ಷಣ ಕೈಬಿಟ್ಟು ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಸದ್ದು ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವವರು ಜೀವದ ಜೊತೆ ಆಡುತ್ತಿದ್ದಾರೆ.

ಹೆಡ್‌ಫೋನ್ ಹಾಕಿದ ಮೇಲೂ ಕೆಳಮನೆಗೆ ಕೇಳುವ ಒಂದು ಸದ್ದಿದೆ: ತಾಳ ಹಾಕುವ ಕಾಲು. ಹಿಮ್ಮಡಿಯ ಬಡಿತ ಸ್ಲ್ಯಾಬಿನ ಮೂಲಕ ರಾತ್ರಿ ಸ್ಪಷ್ಟವಾಗಿ ಇಳಿಯುತ್ತದೆ. ಕಾಲಡಿಗೆ ರಬ್ಬರ್ ಮ್ಯಾಟ್, ಅದರ ಮೇಲೆ ನಾಲ್ಕು ಮಡಿಕೆಯ ಜಮಖಾನ ಹಾಕಿ, ಮುಂಗಾಲಿನಿಂದಷ್ಟೇ ತಾಳ ಹಾಕಿ.

ಅಭ್ಯಾಸದ ಬಗ್ಗೆ ಎರಡು ಮಾತು. ಹೆಡ್‌ಫೋನ್ ಅಡಗಿಸಿಡುವುದೇನನ್ನೂ ಬಿಡುವುದಿಲ್ಲ. ಪಕ್ಕದ ತಂತಿಯ ಅನಗತ್ಯ ಗುಂಗು, ಬೆರಳು ಎತ್ತುವ ಸದ್ದು ಎಲ್ಲ ಕೇಳುತ್ತದೆ. ತಂತಿಗಳನ್ನು ಎರಡೂ ಕೈಯಿಂದ ಅದುಮಿ ಸುಮ್ಮನಾಗಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಕೆಡುಕೆಂದರೆ, ಮೆಲ್ಲಗೆ ತಾಗಿಸಿದರೂ ತುಂಬಿ ಕೇಳುವುದರಿಂದ ಕೈಯ ಬಲ ಸೊರಗುತ್ತದೆ. ಡ್ರಮ್ಸ್ ಪಕ್ಕ ನಿಂತಾಗ ವಾದಕ ಮುಳುಗಿಹೋಗುತ್ತಾನೆ. ಮೆಲು ಸ್ವರವನ್ನೂ ಜೋರು ಸ್ವರವನ್ನೂ ಒಂದೇ ಮಟ್ಟಕ್ಕೆ ತರುವ ಕಂಪ್ರೆಸರನ್ನು ಆಫ್ ಮಾಡಿ ನುಡಿಸಿ, ವಾರಕ್ಕೊಮ್ಮೆ ಒಂದು ಗಂಟೆ ಜ್ಯಾಮ್ ರೂಮಿನಲ್ಲಿ ನಿಜವಾದ ಆಂಪಿನ ಮುಂದೆ ನಿಲ್ಲಿ. ಫ್ರೆಟ್‌ಲೆಸ್ (ಸ್ವರಸ್ಥಾನದ ಲೋಹದ ಪಟ್ಟಿಗಳಿಲ್ಲದ) ಬೇಸ್ ನುಡಿಸುವವರಿಗೆ ನಮ್ಮದೇ ತಂಬೂರಿ ಇದೆ: ಆ್ಯಪ್‌ನ ತಂಬೂರಿಯನ್ನು ಎ ಶ್ರುತಿಗಿಟ್ಟು ಆಕ್ಸ್ ಮೂಲಕ ಸಣ್ಣಗೆ ಕೊಡಿ. ಎ ತಂತಿಯ ಹನ್ನೆರಡನೇ ಸ್ಥಾನದ ಸ್ವರ 110 ಹರ್ಟ್ಸ್. ಬೆರಳು ತುಸು ತಪ್ಪಿ 111 ಆದರೆ ಸೆಕೆಂಡಿಗೊಂದು ಅಲೆ ‘ವಾಂವ್ ವಾಂವ್’ ಎಂದು ಏಳುತ್ತದೆ. ಬೆರಳು ಸರಿಸುತ್ತ ಹೋದಂತೆ ಆ ಅಲೆ ನಿಧಾನವಾಗಿ, ನಿಂತೇಬಿಡುವುದನ್ನು ಕೋಣೆಯ ಸ್ಪೀಕರಿನಲ್ಲಿ ಇಷ್ಟು ಚೆನ್ನಾಗಿ ಕೇಳಲಾಗದು.

ಅಪಾರ್ಟ್‌ಮೆಂಟ್ ಸಂಘಗಳು ‘ವಾದ್ಯ ನಿಷೇಧ’ ಎಂದು ಬರೆಯುವ ಬದಲು ‘ಸಂಜೆಯ ನಂತರ ಆಂಪ್ ಬೇಡ, ಹೆಡ್‌ಫೋನ್ ಯಾವಾಗಲೂ ಸರಿ’ ಎಂದು ಬರೆಯಲಿ. ಸಂಗೀತ ಶಾಲೆಗಳು ಮೊದಲ ಪಾಠದಲ್ಲೇ ಈ ಜೋಡಣೆಯನ್ನು ಕೈಯಲ್ಲಿ ಮಾಡಿಸಲಿ. ಅಂಗಡಿಯವರಲ್ಲೂ ಒಂದು ಮನವಿ: ಮೊದಲ ಬೇಸ್ ಕೊಳ್ಳಲು ಬಂದ ಮಗುವಿಗೆ ಆರು ಇಂಚು ಸ್ಪೀಕರಿನ 10 ವಾಟ್ ಆಂಪನ್ನು ಜೊತೆಗೆ ಕಟ್ಟಿಕೊಡಬೇಡಿ. ಅಷ್ಟು ಸಣ್ಣ ಸ್ಪೀಕರಿನಿಂದ ಇ ತಂತಿ ಹೇಗೂ ಹೊರಡುವುದಿಲ್ಲ. ಅದೇ ಹಣಕ್ಕೆ ಸಣ್ಣ ಹೆಡ್‌ಫೋನ್ ಆಂಪ್, ವೈರಿನ ಹೆಡ್‌ಫೋನ್ ಮತ್ತು ಎರಡು ಕಪ್ಪು ಉಂಗುರದ ಒಂದು ಕನ್ವರ್ಟರ್ ಕೊಡಿ.

ಇಂತಿ,
ಬೇಸ್ ಗಿಟಾರ್ ಕಲಿಸುವ ಕೆಲವು ಶಿಕ್ಷಕರು,
ಬೆಂಗಳೂರು